ಇನ್ನೂರು ಡಾಲರಿನ ಪಿಸ್ತೂಲನ್ನು ನಂಬಬಹುದೇ?

ಅಮೆರಿಕದಲ್ಲಿ ನೆಲೆಸಿರುವ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹೆದ್ದಾರಿ ಬದಿಯಲ್ಲಿ ಮೋಟೆಲ್ ನಡೆಸುವವರು, ರಾತ್ರಿ ಪಾಳಿಯಲ್ಲಿ ಅಂಗಡಿ ನೋಡಿಕೊಳ್ಳುವವರು, ಊರಾಚೆ ಒಂಟಿಮನೆ ಕೊಂಡವರು ಕೇಳುತ್ತಾರೆ: ‘ಇಲ್ಲಿ ಇನ್ನೂರು ಡಾಲರಿಗೆ ಹೊಚ್ಚಹೊಸ ಪಿಸ್ತೂಲು ಸಿಗುತ್ತದೆ. ಅದೇ ಗುಂಡು ಹಾರಿಸುವ ಇನ್ನೊಂದಕ್ಕೆ ಐನೂರು, ಆರುನೂರು. ಅಗ್ಗದ್ದನ್ನು ನಂಬಬಹುದೇ?’ ನನಗೆ ಬಂದೂಕಿನ ಹುಚ್ಚಿಲ್ಲ. ಆದರೆ ಪೀಣ್ಯದಲ್ಲಿ ಸತುವಿನ ಡೈ ಕಾಸ್ಟಿಂಗ್ ಕೆಲಸದಲ್ಲಿ ಬಹುಕಾಲ ಕಳೆದವನು ನಾನು. ಅಗ್ಗದ ಪಿಸ್ತೂಲಿನ ಕಥೆಯೂ ಬಹುಮಟ್ಟಿಗೆ ಅದೇ ಲೋಹದ ಕಥೆ. ಹಾಗಾಗಿ ಈ ಪ್ರಶ್ನೆಯನ್ನು ಕಾರ್ಖಾನೆಯ ಕಡೆಯಿಂದಲೇ ಬಿಡಿಸಲು ಹೊರಟಿದ್ದೇನೆ.

‘ನಂಬಬಹುದೇ’ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಅಳತೆ: ಕುದುರೆ ಎಳೆದಾಗ ಗುಂಡು ಹಾರಬೇಕು. ಪಿಸ್ತೂಲಿಗೆ ಇನ್ನೊಂದು ಕರ್ತವ್ಯವೂ ಇದೆ. ಕುದುರೆ ಎಳೆಯದೆ ಇದ್ದಾಗ, ಕೈಜಾರಿ ಬಿದ್ದಾಗ, ತೋಟಾ ಹೊರತೆಗೆಯುವಾಗ ಅದು ಹಾರಲೇಬಾರದು. ಮೊದಲನೆಯದು ಕೆಟ್ಟರೆ ಕೊಂಡವನಿಗೆ ಶೂಟಿಂಗ್ ರೇಂಜಿನಲ್ಲೇ ಗೊತ್ತಾಗುತ್ತದೆ. ಎರಡನೆಯದು ಕೆಟ್ಟಿದ್ದು ಅನಾಹುತವಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಇಳಿಸಬೇಕೆಂದು ಹೊರಟ ತಯಾರಕನಿಗೆ ಕತ್ತರಿ ಹಾಕಲು ಸುಲಭವಾಗಿ ಸಿಗುವುದೂ ಈ ಕಾಣದ ಭಾಗವೇ. ಐವತ್ತು ವರ್ಷಗಳ ಇತಿಹಾಸದಿಂದ ನಾನು ಕಲಿತದ್ದು ಇದನ್ನು.

ಆ ಇತಿಹಾಸ ಶುರುವಾಗುವುದು 1968ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಕೊಲೆಗಳು ನಡೆದ ವರ್ಷ ಅದು. ಅಮೆರಿಕದ ಸಂಸತ್ತು ಗನ್ ಕಂಟ್ರೋಲ್ ಆ್ಯಕ್ಟ್ ಎಂಬ ಕಾನೂನನ್ನು ತಂದು, ಯುರೋಪಿನಿಂದ ಬಂದು ಬೀಳುತ್ತಿದ್ದ ಸಣ್ಣ, ಅಗ್ಗದ ಕೈಬಂದೂಕುಗಳ ಆಮದಿಗೆ ಕಡಿವಾಣ ಹಾಕಿತು. ಜನ ಅವನ್ನು ‘ಸ್ಯಾಟರ್ಡೇ ನೈಟ್ ಸ್ಪೆಷಲ್’ ಎಂದು ಕರೆಯುತ್ತಿದ್ದರು. ಕ್ರೀಡೆಗೆ ತಕ್ಕುದೇ ಎಂದು ಅಳೆಯಲು ಉದ್ದ, ತೂಕ, ಸೇಫ್ಟಿ ಇತ್ಯಾದಿಗಳಿಗೆ ಅಂಕ ಕೊಡುವ ಪದ್ಧತಿ ಬಂತು. ಆದರೆ ಆ ಅಂಕಪಟ್ಟಿ ಅನ್ವಯಿಸಿದ್ದು ಆಮದಿಗೆ ಮಾತ್ರ. ಅದೇ ಬಗೆಯ ಪಿಸ್ತೂಲನ್ನು ದೇಶದೊಳಗೇ ತಯಾರಿಸಿದರೆ ಕೇಳುವವರಿರಲಿಲ್ಲ.

ಆ ಬಾಗಿಲಿನಿಂದ ಒಳಬಂದವರು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕೆಲವು ಸಣ್ಣ ಕಾರ್ಖಾನೆಗಳವರು. 1970ರಲ್ಲಿ ಜಾರ್ಜ್ ಜೆನ್ನಿಂಗ್ಸ್ ಎಂಬವರು ರೇವನ್ ಆರ್ಮ್ಸ್ ಕಂಪನಿ ತೆರೆದು .25 ಅಳತೆಯ ಪುಟ್ಟ ಪಿಸ್ತೂಲು ತಯಾರಿಸತೊಡಗಿದರು. ಮುಂದೆ ಅವರ ಮಗ, ಅಳಿಯ, ಬಂಧುಗಳು, ಪರಿಚಿತರು ಸೇರಿ ಜೆನ್ನಿಂಗ್ಸ್, ಬ್ರೈಕೋ, ಡೇವಿಸ್, ಲಾರ್ಸಿನ್ ಎಂದು ಒಂದರ ಬೆನ್ನಿಗೆ ಒಂದು ಕಂಪನಿ ಕಟ್ಟಿದರು. ಬೆಲೆ ಬಹುಪಾಲು ನೂರು ಡಾಲರಿನ ಒಳಗೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವೈದ್ಯ ಗ್ಯಾರೆನ್ ವಿಂಟೆಮ್ಯೂಟ್ 1994ರಲ್ಲಿ ಈ ಗುಂಪಿನ ಮೇಲೆ ವರದಿ ಬರೆದು ಅದಕ್ಕೆ ‘ರಿಂಗ್ ಆಫ್ ಫೈರ್’ ಎಂಬ ಹೆಸರಿಟ್ಟರು. ತೊಂಬತ್ತರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕೈಬಂದೂಕುಗಳಲ್ಲಿ ಸುಮಾರು ಮೂರರಲ್ಲಿ ಒಂದು ಈ ಕಾರ್ಖಾನೆಗಳಿಂದಲೇ ಬರುತ್ತಿತ್ತು.

ಇಷ್ಟು ಅಗ್ಗವಾಗಿ ಮಾಡಲು ಸಾಧ್ಯವಾದದ್ದು ಝಮಾಕ್‌ನಿಂದ. ಸತುವಿಗೆ ಒಂದಿಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಶಿಯಂ ಮತ್ತು ತಾಮ್ರ ಬೆರೆಸಿದ ಮಿಶ್ರಲೋಹ ಅದು. ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ, ತಣಿದ ಮೇಲೆ ಹೆಚ್ಚು ಉಜ್ಜುವ, ಕೊರೆಯುವ ಕೆಲಸ ಬೇಡುವುದಿಲ್ಲ. ಬಾಗಿಲಿನ ಹಿಡಿ, ಬೀಗದ ಮೈ, ಹಳೆಯ ಕಾರ್ಬ್ಯುರೇಟರ್‌ಗಳನ್ನು ನಾವು ಇದರಲ್ಲೇ ಎರಕ ಹೊಯ್ಯುತ್ತಿದ್ದೆವು. ಉಕ್ಕಿನ ಗಟ್ಟಿಯನ್ನು ಕಡೆದು ಕಡೆದು ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಜಾರುವ ಮೇಲ್ಭಾಗ) ಮಾಡಲು ಬೇಕಾಗುವ ಯಂತ್ರದ ಸಮಯವೆಲ್ಲ ಇಲ್ಲಿ ಉಳಿಯುತ್ತದೆ. ‘ಸತುವಿನ ಪಿಸ್ತೂಲು ಕೈಯಲ್ಲೇ ಸಿಡಿಯುವುದಿಲ್ಲವೇ?’ ಎಂದು ಹಲವರು ಹೆದರುತ್ತಾರೆ. 9 ಎಂ.ಎಂ. ತೋಟಾ ಹಾರುವಾಗ ಒಳಗಿನ ಒತ್ತಡ 35,000 ಪಿಎಸ್‌ಐವರೆಗೆ ಏರಬಹುದು. ನಿಮ್ಮ ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಆ ಒತ್ತಡ ತಡೆಯುವುದು ನಳಿಕೆ. ಅತಿ ಅಗ್ಗದ ಪಿಸ್ತೂಲಿನಲ್ಲೂ ನಳಿಕೆ ಉಕ್ಕಿನದೇ ಆಗಿರುತ್ತದೆ. ಸತು ಇರುವುದು ಅದರ ಸುತ್ತಲಿನ ಮೈಯಲ್ಲಿ ಮತ್ತು ಸ್ಲೈಡ್‌ನಲ್ಲಿ.

ಸತುವಿನ ನಿಜವಾದ ದೌರ್ಬಲ್ಯ ಸವೆತ. ಎರಕದೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳು ಉಳಿದುಬಿಡುತ್ತವೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದಂತೆ ಅಲ್ಲಿಂದ ಬಿರುಕು ಹುಟ್ಟುತ್ತದೆ. ಸ್ಲೈಡ್ ಓಡುವ ಹಳಿಗಳ ಅಂಚು ದುಂಡಗಾಗುತ್ತದೆ. ಪಿಸ್ತೂಲಿನಲ್ಲಿ ಎಲ್ಲವೂ ನಿಂತಿರುವುದು ಕೂದಲೆಳೆಯ ಅಂಚುಗಳ ಮೇಲೆ: ತೋಟಾದ ತಳಕ್ಕೆ ಬಡಿದು ಗುಂಡು ಹಾರಿಸುವ, ಸ್ಪ್ರಿಂಗಿನ ಬಿಗಿತದಲ್ಲಿರುವ ಫೈರಿಂಗ್ ಪಿನ್ನನ್ನು ಹಿಡಿದಿಟ್ಟಿರುವುದು ಒಂದು ಸಣ್ಣ ಕೊಕ್ಕೆ. ಅದರ ಸುತ್ತಲಿನ ಲೋಹ ಸಡಿಲಾದರೆ ಹಿಡಿತವೂ ಸಡಿಲ. ಒಳ್ಳೆಯ ವಿನ್ಯಾಸದಲ್ಲಿ ಇದಕ್ಕೊಂದು ಎರಡನೇ ಕಾವಲು ಇರುತ್ತದೆ. ಫೈರಿಂಗ್ ಪಿನ್ನಿನ ದಾರಿಗೆ ಅಡ್ಡ ನಿಂತು, ಬೆರಳು ಕುದುರೆಯನ್ನು ಪೂರ್ತಿ ಎಳೆದಾಗ ಮಾತ್ರ ಪಕ್ಕಕ್ಕೆ ಸರಿಯುವ ಪುಟ್ಟ ತುಂಡು ಅದು. ‘ರಿಂಗ್ ಆಫ್ ಫೈರ್’ ಗುಂಪಿನ ಅನೇಕ ಮಾದರಿಗಳಲ್ಲಿ ಈ ಎರಡನೇ ಕಾವಲೇ ಇರಲಿಲ್ಲ.

ಉಳಿತಾಯ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಬ್ರೈಕೋ ಪ್ರಕರಣ ಸಾಕು. 1994ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿ ಬ್ರೈಕೋ 38 ಪಿಸ್ತೂಲಿನಿಂದ ತೋಟಾ ತೆಗೆಯಲು ಮನೆಯವರ ಪರಿಚಿತನೊಬ್ಬ ಮುಂದಾದ. ಆ ಮಾದರಿಯಲ್ಲಿ ಸೇಫ್ಟಿ ಹಾಕಿದ್ದರೆ ಸ್ಲೈಡ್ ಹಿಂದೆ ಸರಿಯುವುದಿಲ್ಲ. ಖಾಲಿ ಮಾಡಬೇಕೆಂದರೆ ಸೇಫ್ಟಿಯನ್ನು ತೆಗೆಯಲೇಬೇಕು. ತೆಗೆದ. ಗುಂಡು ಹಾರಿ ಏಳು ವರ್ಷದ ಹುಡುಗನ ಗಲ್ಲಕ್ಕೆ ತಗುಲಿತು. ಅವನ ದೇಹ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ತೋಟಾ ಸಿಕ್ಕಿಕೊಳ್ಳುವ ದೋಷವನ್ನು ಮರೆಮಾಚಲೆಂದೇ ಸೇಫ್ಟಿಯನ್ನು ಹೀಗೆ ಬದಲಿಸಲಾಗಿತ್ತು ಎಂಬುದು ಹುಡುಗನ ಪರ ವಕೀಲರ ವಾದ. 2003ರಲ್ಲಿ ಜ್ಯೂರಿ ಕೊಟ್ಟ ತೀರ್ಪಿನಲ್ಲಿ ತಯಾರಕರು ತೆರಬೇಕಾದ ಪರಿಹಾರದ ಪಾಲು ಸುಮಾರು 2.4 ಕೋಟಿ ಡಾಲರ್. ಕಂಪನಿ ದಿವಾಳಿ ಅರ್ಜಿ ಹಾಕಿತು. 2004ರಲ್ಲಿ ಅದರ ಆಸ್ತಿ ಹರಾಜಿಗೆ ಬಂದಾಗ ಆ ಹುಡುಗನ ಕಡೆಯವರೇ ಬಿಡ್‌ಗೆ ನಿಂತರು. ಕಾರ್ಖಾನೆಯನ್ನು ಕೊಂಡು ಮುಚ್ಚಬೇಕು, ಉಳಿದ ಪಿಸ್ತೂಲುಗಳನ್ನು ಕರಗಿಸಬೇಕು ಎನ್ನುವುದು ಅವರ ಆಸೆ. ಸುಮಾರು ಐದು ಲಕ್ಷ ಡಾಲರಿನ ಆ ಹರಾಜಿನಲ್ಲಿ ಅಲ್ಪ ಅಂತರದಿಂದ ಗೆದ್ದವರು ಕಾರ್ಖಾನೆಯ ಹಳೆಯ ಫೋರ್‌ಮನ್. ಜಿಮೆನೆಜ್ ಆರ್ಮ್ಸ್ ಎಂಬ ಹೊಸ ಹೆಸರಿನಲ್ಲಿ ಉತ್ಪಾದನೆ ಮುಂದುವರಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಬೆಲೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಬಹುದಾದ ದೋಷ ಇದಾಗಿರಲಿಲ್ಲ.

ಏಕೆಂದರೆ ಅಗ್ಗವೂ ಸುರಕ್ಷಿತವೂ ಆದ ಕೈಬಂದೂಕನ್ನು ಅದಕ್ಕೂ ಶತಮಾನದ ಹಿಂದೆಯೇ ಮಾಡಿ ತೋರಿಸಲಾಗಿತ್ತು. ಮ್ಯಾಸಚೂಸೆಟ್ಸ್‌ನ ಐವರ್ ಜಾನ್ಸನ್ ಕಂಪನಿ 19ನೇ ಶತಮಾನದ ಕೊನೆಯಲ್ಲಿ ಸಾಮಾನ್ಯ ಜನರಿಗೆಂದು ಕೆಲವೇ ಡಾಲರಿನ ರಿವಾಲ್ವರ್ ಮಾರುತ್ತಿತ್ತು. ಅದರಲ್ಲಿ ಸುತ್ತಿಗೆ ನೇರವಾಗಿ ಫೈರಿಂಗ್ ಪಿನ್ನಿಗೆ ತಾಗುವುದೇ ಇಲ್ಲ. ಕುದುರೆ ಎಳೆದಾಗ ಮಾತ್ರ ಮೇಲೇರುವ ಒಂದು ಲೋಹದ ಪಟ್ಟಿ ಎರಡರ ನಡುವೆ ಬಂದು ಪೆಟ್ಟನ್ನು ದಾಟಿಸುತ್ತದೆ. ಬಿದ್ದರೂ ಹಾರದು, ಹೊಡೆದರೂ ಹಾರದು. ರಿವಾಲ್ವರಿನ ಸುತ್ತಿಗೆಯ ಮೇಲೆ ನಿಜವಾದ ಸುತ್ತಿಗೆಯಿಂದಲೇ ಬಡಿಯಿರಿ ಎಂದು ಕಂಪನಿ ಜಾಹೀರಾತು ಕೊಡುತ್ತಿತ್ತು. ಆ ಪಟ್ಟಿಯ ತತ್ವವನ್ನು ಇಂದಿನ ಅನೇಕ ರಿವಾಲ್ವರ್‌ಗಳೂ ಬಳಸುತ್ತವೆ. ಎರಡನೇ ಕಾವಲಿಗೆ ಬೇಕಾಗುವುದು ಒಂದು ಚಿಕ್ಕ ಬಿಡಿಭಾಗ, ಅಷ್ಟೇ.

ಇನ್ನು ಇಂದಿನ ಮಾರುಕಟ್ಟೆಗೆ ಬರೋಣ. ಅಗ್ಗದ ಪಿಸ್ತೂಲು ಎಂದರೆ ಈಗ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಓಹಾಯೊ ರಾಜ್ಯದ ಹೈ-ಪಾಯಿಂಟ್. ಅದರ ಸಿ9 ಮಾದರಿ 9 ಎಂ.ಎಂ. ಗುಂಡು ಹಾರಿಸುತ್ತದೆ, ಎಂಟು ತೋಟಾ ಹಿಡಿಸುತ್ತದೆ, ಬೆಲೆ ಇನ್ನೂರು ಡಾಲರಿನ ಆಸುಪಾಸು. ದುಬಾರಿ ಪಿಸ್ತೂಲುಗಳಲ್ಲಿ ಗುಂಡು ಹೊರಡುವ ಕ್ಷಣದಲ್ಲಿ ನಳಿಕೆ ಮತ್ತು ಸ್ಲೈಡ್ ಒಂದಕ್ಕೊಂದು ಬೆಸೆದುಕೊಂಡು, ಒತ್ತಡ ಇಳಿದ ಮೇಲೆ ಬಿಡಿಸಿಕೊಳ್ಳುತ್ತವೆ. ಆ ಬೆಸುಗೆಗೆ ನಿಖರವಾದ ಕೆತ್ತನೆ ಬೇಕು, ಕೆತ್ತನೆಗೆ ದುಡ್ಡು ಬೇಕು. ಹೈ-ಪಾಯಿಂಟ್ ಅದನ್ನು ಬಿಟ್ಟು, ಸ್ಲೈಡ್‌ನ ತೂಕದಿಂದಲೇ ಹಿನ್ನೊದೆತವನ್ನು ತಡೆಯುತ್ತದೆ. ಹಾಗಾಗಿ ಅದರ ಸತುವಿನ ಸ್ಲೈಡ್ ದಪ್ಪಗಿದೆ, ಪಿಸ್ತೂಲು ಸುಮಾರು 820 ಗ್ರಾಂ ತೂಗುತ್ತದೆ. ಹದಿನೇಳು ತೋಟಾದ ಗ್ಲಾಕ್ 17 ಖಾಲಿ ಇದ್ದಾಗ ಅದಕ್ಕಿಂತ ಸಾಕಷ್ಟು ಹಗುರ. ಡಲ್ಲಾಸ್ ಬಳಿಯ ಒಂದು ರೇಂಜಿನಲ್ಲಿ ಬಂಧುವೊಬ್ಬರು ಇದನ್ನು ಹಾರಿಸುವುದನ್ನು ನಾನು ಗಾಜಿನ ಈಚೆ ನಿಂತು ನೋಡಿದ್ದೇನೆ. ಒಂದು ಮ್ಯಾಗಜಿನ್‌ನಿಂದ ಸಲೀಸಾಗಿ ಓಡಿತು. ಇನ್ನೊಂದನ್ನು ಹಾಕಿದಾಗ ತೋಟಾ ಮೂತಿ ಎತ್ತಿ ಸಿಕ್ಕಿಕೊಂಡಿತು. ತೋಟಾವನ್ನು ಹಿಡಿದಿರುವ ಮ್ಯಾಗಜಿನ್ ತುಟಿಗಳು ಸ್ವಲ್ಪ ಅಗಲಿದ್ದವು. ಅಗ್ಗದ ಪಿಸ್ತೂಲಿನ ಬಹುಪಾಲು ತಕರಾರು ಇಂಥವೇ: ತಗಡಿನ ಮಡಿಕೆ, ಸ್ಪ್ರಿಂಗಿನ ಬಿಗಿತ, ಹೊಂದದ ತೋಟಾ. ರಿಪೇರಿಗೆ ಕಂಪನಿ ಜೀವಿತಾವಧಿ ಖಾತರಿ ಕೊಡುತ್ತದೆ. ಆದರೆ ಹೊತ್ತು ತಿರುಗಲು ಅದು ತೊಡಕು, ಉಡುಪಿನೊಳಗೆ ಅಡಗುವುದಿಲ್ಲ.

ಅಂದರೆ ಇಂದಿನ ಇನ್ನೂರು ಮುನ್ನೂರು ಡಾಲರಿನ ಪಿಸ್ತೂಲು ತೊಂಬತ್ತರ ದಶಕದ್ದಕ್ಕಿಂತ ಬಹಳ ಮೇಲು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಮತ್ತು ಪಾಲಿಮರ್ ಮೈ ಬಂದ ಮೇಲೆ ಉಕ್ಕಿನ ಸ್ಲೈಡ್ ಇರುವ ಪಿಸ್ತೂಲನ್ನೂ ಅಷ್ಟೇ ಬೆಲೆಗೆ ಕೊಡಲು ಕೆಲವರಿಗೆ ಸಾಧ್ಯವಾಗಿದೆ. ಹಾಗೆಂದು ಎರಡನೇ ಕರ್ತವ್ಯ ತಾನಾಗಿಯೇ ನೆರವೇರಿತೆಂದು ಭಾವಿಸಬಾರದು. ಕೆಳಗೆ ಬಿದ್ದರೆ ಹಾರುತ್ತವೆ ಎಂಬ ದೂರಿನ ಮೇಲೆ ಬ್ರೆಜಿಲ್‌ನ ಟಾರಸ್ ಕಂಪನಿ ತನ್ನ ಒಂಬತ್ತು ಮಾದರಿಗಳಿಗೆ ಸಂಬಂಧಿಸಿ 2015ರಲ್ಲಿ ಅಮೆರಿಕದ ಗ್ರಾಹಕರೊಂದಿಗೆ ರಾಜಿಗೆ ಬಂತು. 2008ರಲ್ಲಿ ರೂಗರ್ ತನ್ನ ಪುಟ್ಟ ಎಲ್‌ಸಿಪಿಯನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿಕೊಂಡು ಸರಿಪಡಿಸಿಕೊಟ್ಟಿತು. ದುಬಾರಿಯವೂ ಹೊರತಲ್ಲ. 2017ರ ಆರಂಭದಲ್ಲಿ ಅಮೆರಿಕದ ಸೇನೆ ಆಯ್ಕೆ ಮಾಡಿಕೊಂಡ ಸಿಗ್ ಪಿ320 ವಿನ್ಯಾಸದ ನಾಗರಿಕ ಮಾದರಿ, ಒಂದು ಕೋನದಲ್ಲಿ ಬಿದ್ದರೆ ಹಾರಬಲ್ಲದು ಎಂದು ಅದೇ ವರ್ಷ ಬಯಲಾಗಿ, ಕಂಪನಿ ಉಚಿತವಾಗಿ ಬಿಡಿಭಾಗ ಬದಲಿಸಿಕೊಡಬೇಕಾಯಿತು. ಬೆಲೆಚೀಟಿ ನೋಡಿ ಸುರಕ್ಷತೆ ಅಳೆಯಲಾಗದು; ಯಾರು, ಹೇಗೆ ಪರೀಕ್ಷಿಸಿದ್ದಾರೆ ಎಂದು ಕೇಳಬೇಕು.

ಇಲ್ಲೇ ಅಮೆರಿಕದ ವ್ಯವಸ್ಥೆಯಲ್ಲಿ ದೊಡ್ಡ ಕಂದಕವಿದೆ. ಅಲ್ಲಿ ಆಟಿಕೆ, ತೊಟ್ಟಿಲು, ಟೋಸ್ಟರ್‌ಗಳ ಸುರಕ್ಷತೆ ನೋಡಿಕೊಳ್ಳಲು 1972ರ ಕಾನೂನಿನಡಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೊಂದಿದೆ. ದೋಷವಿದ್ದರೆ ಮಾರುಕಟ್ಟೆಯಿಂದ ವಾಪಸ್ ತರಿಸುವ ಅಧಿಕಾರ ಅದಕ್ಕಿದೆ. ಬಂದೂಕು ಮತ್ತು ತೋಟಾಗಳನ್ನು ಮಾತ್ರ ಸಂಸತ್ತು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. 1976ರ ತಿದ್ದುಪಡಿಯಲ್ಲಿ ಆ ಗೆರೆಯನ್ನು ಇನ್ನಷ್ಟು ಗಟ್ಟಿಗೊಳಿಸಿತು. ಹಾಗಾಗಿ ದೋಷವಿರುವ ಪಿಸ್ತೂಲನ್ನು ಹಿಂದಕ್ಕೆ ಕರೆಸಬೇಕೋ ಬೇಡವೋ ಎನ್ನುವುದು ತಯಾರಕರ ಮನಸ್ಸಿಗೆ ಬಿಟ್ಟದ್ದು. ಉಳಿದದ್ದನ್ನು ಕೆಲವು ರಾಜ್ಯಗಳು ತಮ್ಮ ತಮ್ಮ ರೀತಿಯಲ್ಲಿ ತುಂಬಿಕೊಂಡಿವೆ. ಇಲಿನಾಯ್, ದಕ್ಷಿಣ ಕೆರೊಲಿನಾ, ಹವಾಯಿಗಳು 800 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 427 ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಕರಗುವ ಲೋಹದ ಪಿಸ್ತೂಲನ್ನು ತಡೆಯುವ ದಾರಿ ಹಿಡಿದವು. ಝಮಾಕ್‌ಗೆಂದೇ ಬರೆದಂತಿರುವ ನಿಯಮ ಅದು. ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 1999ರಲ್ಲಿ ಅಂಗೀಕಾರವಾಗಿ 2001ರ ಜನವರಿಯಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ ಪ್ರತಿ ಹೊಸ ಮಾದರಿಯೂ 600 ಗುಂಡು ಹಾರಿಸಿ ತೋರಿಸಬೇಕು, ಆರಕ್ಕಿಂತ ಹೆಚ್ಚು ಬಾರಿ ಎಡವಬಾರದು, ಸುಮಾರು ಒಂದು ಮೀಟರ್ ಎತ್ತರದಿಂದ ಬೇರೆ ಬೇರೆ ಭಂಗಿಯಲ್ಲಿ ಬೀಳಿಸಿದರೂ ಹಾರಬಾರದು. ಮುಂದೆ ಆ ರಾಜ್ಯ ಇದಕ್ಕೆ ಸೇರಿಸಿದ ಇತರ ಷರತ್ತುಗಳ ಬಗ್ಗೆ ಸಾಕಷ್ಟು ಜಗಳವಿದೆ. ಆದರೆ ಮೂಲದ ಈ ಎರಡು ಪರೀಕ್ಷೆಗಳು ನ್ಯಾಯವಾದವು. ಲೋಹದ ಜಾತಿ ಕೇಳದೆ, ವಸ್ತು ತನ್ನ ಎರಡೂ ಕರ್ತವ್ಯ ನಿಭಾಯಿಸುತ್ತದೆಯೇ ಎಂದಷ್ಟೇ ಅವು ಕೇಳುತ್ತವೆ. ಒಳ್ಳೆಯ ಸತುವಿನ ಎರಕ ಕೆಟ್ಟ ಉಕ್ಕಿನ ಕೆಲಸಕ್ಕಿಂತ ಮೇಲು ಎಂದು ಪೀಣ್ಯದ ಯಾವ ಫೋರ್‌ಮನ್ ಬೇಕಾದರೂ ಹೇಳುತ್ತಾನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಏಳುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಸಿಗುವುದೇ ಕಷ್ಟ. ಸಿಕ್ಕರೂ ಕಾನೂನುಬದ್ಧ ಕೈಬಂದೂಕು ಅಗ್ಗವಲ್ಲ. ಕಾನ್ಪುರದ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ .32 ಅಳತೆಯ ‘ನಿರ್ಭೀಕ್’ ರಿವಾಲ್ವರಿನ ಬೆಲೆಯೇ ಒಂದು ಲಕ್ಷ ರೂಪಾಯಿ ದಾಟಿತ್ತು. ನಮ್ಮಲ್ಲಿ ಅಗ್ಗದ ಕೈಬಂದೂಕು ಎಂದರೆ ಕಳ್ಳದಾರಿಯಲ್ಲಿ ಬರುವ ನಾಡ ಪಿಸ್ತೂಲು. ಅದರ ಹೆಸರು ಕೇಳಿದರೆ ಕನ್ನಡಿಗರಿಗೆ ಎರಡು ದಿನಗಳು ನೆನಪಾಗಲೇಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಇಬ್ಬರಿಗೂ ಗುಂಡು ಹಾರಿದ್ದು 7.65 ಎಂ.ಎಂ.ನ ಒಂದೇ ನಾಡ ಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ತನಿಖಾಧಿಕಾರಿಗಳು ಹೇಳಿದರು.

ಅಗ್ಗದ ಬಂದೂಕಿನ ಬಗ್ಗೆ ನನ್ನನ್ನು ಹೆಚ್ಚು ಕಾಡುವ ಮಾತು ಇದು. ಕೊಲ್ಲಲು ಹೊರಟವನಿಗೆ ವಿಶ್ವಾಸಾರ್ಹತೆ ಅಷ್ಟೇನೂ ಬೇಕಿಲ್ಲ. ಸಮಯ, ಸ್ಥಳ, ದೂರ ಎಲ್ಲವೂ ಅವನ ಆಯ್ಕೆ. ಹಿಂದಿನ ದಿನ ಪರೀಕ್ಷಿಸಿ ನೋಡಬಹುದು, ಕೆಟ್ಟರೆ ಓಡಿಹೋಗಿ ಇನ್ನೊಂದು ದಿನ ಬರಬಹುದು. ತನ್ನನ್ನು ಕಾಯ್ದುಕೊಳ್ಳಬೇಕೆಂದವನ ಸ್ಥಿತಿ ಪೂರ್ತಿ ತಿರುಗುಮುರುಗು. ಅವನ ಪಿಸ್ತೂಲು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಸುಮ್ಮನಿದ್ದು, ಮಕ್ಕಳ ನಡುವೆ ಯಾರಿಗೂ ಅಪಾಯ ಮಾಡದೆ, ಅವನೇ ಆರಿಸಿಕೊಳ್ಳದ ಒಂದು ರಾತ್ರಿ, ನಡುಗುವ ಕೈಯಲ್ಲಿ, ಮೊದಲ ಸಲವೇ ಕೆಲಸ ಮಾಡಬೇಕು. ಕೆಟ್ಟ ಪಿಸ್ತೂಲು ಹಂತಕನಿಗೆ ಸಾಕಾಗುತ್ತದೆ, ಗೃಹಸ್ಥನಿಗೆ ಸಾಕಾಗುವುದಿಲ್ಲ. ‘ಬಡವನಿಗೂ ಆತ್ಮರಕ್ಷಣೆಯ ಹಕ್ಕಿದೆ, ಅದಕ್ಕೇ ಅಗ್ಗದ ಬಂದೂಕು ಇರಲಿ’ ಎಂಬ ವಾದವನ್ನು ಅಮೆರಿಕದಲ್ಲಿ ಕೇಳುತ್ತೇವೆ. ಅದರ ಹಿಂದಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಬಡ ಬಡಾವಣೆಗಳಲ್ಲಿ ಭಯ ನಿಜ, ಪೊಲೀಸರು ತಡವಾಗಿ ಬರುವುದೂ ನಿಜ. ಆದರೆ ಪರೀಕ್ಷೆಯೇ ಇಲ್ಲದ ವಸ್ತುವನ್ನು ಬಡವನ ಕೈಗಿಟ್ಟು ಅದನ್ನು ಹಕ್ಕು ಎನ್ನುವುದು ಅವನಿಗೆ ಮಾಡುವ ಅನ್ಯಾಯ.

ಕೊಳ್ಳಲೇಬೇಕು ಎನ್ನುವವರಿಗೆ ಈಗ ವ್ಯವಹಾರದ ಮಾತು. ಮೊದಲನೆಯದು ಕಾನೂನು. ಹೆಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇರುವವರಿಗೆ ವಿನಾಯಿತಿ ಇದೆಯಾದರೂ ವಕೀಲರನ್ನು ಕೇಳದೆ ಅದರ ಮೇಲೆ ಭಾರ ಹಾಕಬೇಡಿ. ರೇಂಜಿನಲ್ಲಿ ಗೆಳೆಯನ ಪಿಸ್ತೂಲು ಎತ್ತಿಕೊಳ್ಳುವುದೂ ತೊಂದರೆಗೆ ದಾರಿಯಾಗಬಹುದು. ನಾನು ಗಾಜಿನ ಈಚೆಯೇ ಉಳಿದದ್ದು ಅದಕ್ಕಾಗಿ. ಎರಡನೆಯದು ಲೆಕ್ಕ. 9 ಎಂ.ಎಂ. ತೋಟಾಗೆ ಅಗ್ಗವೆಂದರೂ ಒಂದಕ್ಕೆ ಇಪ್ಪತ್ತೈದು ಸೆಂಟಿನ ಆಸುಪಾಸು ಬೀಳುತ್ತದೆ. ಪಿಸ್ತೂಲನ್ನು ನಂಬುವ ಮೊದಲು ಕನಿಷ್ಠ ಕೆಲವು ನೂರು ಗುಂಡು, ತಾನು ಮುಂದೆ ಬಳಸುವ ತೋಟಾದಲ್ಲೇ ಹಾರಿಸಿ ನೋಡಬೇಕು ಎಂದು ಅನುಭವಿಗಳು ಹೇಳುತ್ತಾರೆ. ಆತ್ಮರಕ್ಷಣೆಯ ತೋಟಾ ಇನ್ನೂ ದುಬಾರಿ. ತರಬೇತಿ, ಬೀಗವಿರುವ ಪೆಟ್ಟಿಗೆ, ರೇಂಜಿನ ಶುಲ್ಕ ಸೇರಿಸಿದರೆ ಉಳಿಸಿದ ಮುನ್ನೂರು ಡಾಲರ್ ಮೊದಲ ವರ್ಷದಲ್ಲೇ ಲೆಕ್ಕಕ್ಕೆ ಸಿಗದಂತಾಗುತ್ತದೆ. ಇಷ್ಟು ಖರ್ಚು ಮಾಡಲಾಗದವನು ಪಿಸ್ತೂಲಿನ ಖರ್ಚನ್ನೂ ಮಾಡದಿರುವುದು ಲೇಸು. ಮೂರನೆಯದು, ಕೈಯಲ್ಲಿ ಮುನ್ನೂರು ನಾನೂರು ಇದ್ದರೆ ಹೊಸ ಅಗ್ಗದ್ದಕ್ಕಿಂತ ಹಳೆಯ ಒಳ್ಳೆಯದನ್ನು ನೋಡಿ. ಪೊಲೀಸ್ ಇಲಾಖೆಗಳು ಹೊಸ ಮಾದರಿಗೆ ಹೋದಾಗ ಹಳೆಯ ಗ್ಲಾಕ್, ಸ್ಮಿತ್ ಆ್ಯಂಡ್ ವೆಸನ್‌ಗಳು ಮಾರಾಟಕ್ಕೆ ಬರುತ್ತವೆ. ಹೊರಮೈ ಸವೆದಿದ್ದರೂ ಅನೇಕವು ಹೆಚ್ಚು ಗುಂಡು ಹಾರಿಸಿರುವುದಿಲ್ಲ.

ಕೊನೆಯದು, ಮನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ದಾಖಲೆ ಪ್ರಕಾರ 2022ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,204 ಮಂದಿ; ಅವರಲ್ಲಿ 27,032 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅಪರಿಚಿತ ಕಳ್ಳನ ಭಯದಿಂದ ತಂದ ವಸ್ತು ಮನೆಯವರ ಕೈಗೇ ಕೆಟ್ಟ ಗಳಿಗೆಯಲ್ಲಿ ಸಿಗುತ್ತದೆ ಎನ್ನುವುದನ್ನು ಈ ಅಂಕಿ ಹೇಳುತ್ತಿದೆ. ಪರವಾನಗಿ ಇರುವ ಮಾರಾಟಗಾರ ಕೈಬಂದೂಕಿನ ಜೊತೆ ಬೀಗವನ್ನೋ ಸುರಕ್ಷಾ ಸಾಧನವನ್ನೋ ಕೊಡಬೇಕೆಂದು 2005ರ ಕಾನೂನು ಹೇಳುತ್ತದೆ. ಆದರೆ ಹಾಕುವ ಕೈ ನಿಮ್ಮದು. ಮನೆಯಲ್ಲಿ ಮಕ್ಕಳಿದ್ದರೆ, ಯಾರಾದರೂ ಖಿನ್ನತೆಯಿಂದ ನರಳುತ್ತಿದ್ದರೆ, ಪಿಸ್ತೂಲು ಎಷ್ಟೇ ಉತ್ತಮವಾಗಿರಲಿ, ತರಬೇಡಿ ಎಂದೇ ನನ್ನ ಸಲಹೆ. ಒಳ್ಳೆಯ ಬಾಗಿಲು, ಬೆಳಕು, ಅಲಾರಂ, ಪಕ್ಕದ ಮನೆಯವರ ಸ್ನೇಹ ಇವಕ್ಕೆ ಹಾಕಿದ ಹಣ ಯಾರ ಜೀವಕ್ಕೂ ಎರವಾಗುವುದಿಲ್ಲ.

ಹಾಗಾದರೆ ಉತ್ತರವೇನು? ಇಂದಿನ ಅಗ್ಗದ ಪಿಸ್ತೂಲು ಬಹುತೇಕ ಸಲ ಗುಂಡು ಹಾರಿಸುತ್ತದೆ. ಅಷ್ಟಕ್ಕೆ ಅದನ್ನು ನಂಬಬಹುದು. ಬಿದ್ದಾಗ ಹಾರುವುದಿಲ್ಲ ಎಂಬ ಭರವಸೆಯನ್ನು ಮಾದರಿ ಮಾದರಿಗೂ ಬೇರೆಯಾಗಿಯೇ ಕೇಳಿ ತಿಳಿಯಬೇಕು. ಫೈರಿಂಗ್ ಪಿನ್ನಿಗೆ ಎರಡನೇ ಕಾವಲಿದೆಯೇ, ಯಾವುದಾದರೂ ರಾಜ್ಯದ ಬೀಳಿಕೆ ಪರೀಕ್ಷೆಯಲ್ಲಿ ಪಾಸಾಗಿದೆಯೇ, ಹಿಂದಕ್ಕೆ ಕರೆಸಿದ ಇತಿಹಾಸವಿದೆಯೇ ಎಂದು ಅಂಗಡಿಯವನನ್ನು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳದೆ ಎದ್ದು ಬನ್ನಿ. ನೀವು ಅಲ್ಲಿನ ಮತದಾರರಾಗಿದ್ದರೆ ನಿಮ್ಮ ಪ್ರತಿನಿಧಿಯನ್ನೂ ಕೇಳಿ: ಮಗುವಿನ ತೊಟ್ಟಿಲಿಗೆ ಇರುವ ಪರೀಕ್ಷೆ ಪಿಸ್ತೂಲಿಗೆ ಏಕಿಲ್ಲ? ಬಂದೂಕು ಬೇಕೆನ್ನುವವರೂ ಬೇಡವೆನ್ನುವವರೂ ಒಟ್ಟಾಗಿ ಕೇಳಬಹುದಾದ ಪ್ರಶ್ನೆ ಇದು.